ನಟ್ಟಿನ ಬಾಯಿಗೆ ಮೆತ್ತಿದ ಬಣ್ಣ

ನಾನು ಓದು ಬಿಟ್ಟಿದ್ದು 1978ರಲ್ಲಿ, ಏಳನೇ ಕ್ಲಾಸು ಪಾಸಾದ ಮೇಲೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಮ್ಮ ನಂದಗುಡಿ ಕಡೆಯಿಂದ ಹೊಸಕೋಟೆಗೆ ಹೋಗುವ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಒಬ್ಬ ಮನುಷ್ಯ ಅದರ ಕೆಳಗೆ ಅಂಗಾತ ಮಲಗಿ ಏನೋ ಬಿಚ್ಚಿದ, ಏನೋ ಹಾಕಿದ, ಎದ್ದು ಬಂದು ಕೈ ಒರೆಸಿಕೊಂಡ. ಲಾರಿ ಹೊರಟೇ ಹೋಯಿತು. ಬೋರ್ಡಿನ ಮೇಲಿನ ಲೆಕ್ಕಕ್ಕಿಂತ ಅದು ನನಗೆ ದೊಡ್ಡದಾಗಿ ಕಂಡಿತು. ಅಪ್ಪ ಬೈಯಲಿಲ್ಲ. "ಹೋಗೋದಾದ್ರೆ ಹೋಗ್ಲಾ. ಆದ್ರೆ ನೀ ಮಾಡಿದ ಕೆಲ್ಸಾನ ಇನ್ನೊಬ್ರು ಬಂದು ಸರಿ ಮಾಡೋ ಹಂಗಿರ್ಬಾರ್ದು" ಅಂದರು, ಅಷ್ಟೇ.

ಆ ಮಾತು ಇಟ್ಟುಕೊಂಡು ನಲವತ್ತು ವರ್ಷಕ್ಕೂ ಮೇಲೆ ದುಡಿದೆ. ಮೊದಲು ಹೊಸಕೋಟೆ ಹೈವೇ ಪಕ್ಕದ ಲಾರಿ ಶೆಡ್ಡಲ್ಲಿ, ಆಮೇಲೆ ದೊಡ್ಡಬಳ್ಳಾಪುರದಲ್ಲಿ ಒಂದು ಖಾಸಗಿ ಬಸ್ ಯಾರ್ಡಲ್ಲಿ. ಮೆಕ್ಯಾನಿಕ್ ಆದದ್ದು, ಹೆಡ್ ಮೆಕ್ಯಾನಿಕ್ ಆದದ್ದು ಎಲ್ಲಾ ಬರೆದು ನಿಮ್ಮ ತಲೆ ತಿನ್ನಲ್ಲ. ಈಗ ಐಟಿಐ ಮುಗಿಸಿ ಈ ಕೆಲಸಕ್ಕೆ ಬರ್ತಾ ಇರುವ ನಿಮಗೆ ನಾನು ಹೇಳಬೇಕಾದದ್ದು ಒಂದೇ ವಿಷಯ: ಚಕ್ರದ ನಟ್ಟು ಬಿಗಿಯೋದು. ನಗ್ತೀರಿ, ಗೊತ್ತು. "ನಟ್ ಟೈಟ್ ಮಾಡೋಕೆ ಬರ್ದೇ ಇರೋನು ಯಾವನಿದಾನೆ ಗುರು?" ಅಂತೀರಿ. ಆ ನಗು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತೆ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತೆ. ಗೇರ್ ಕೆಟ್ಟರೆ ಗಾಡಿ ನಿಲ್ಲುತ್ತೆ. ನಟ್ಟು ಕೆಟ್ಟರೆ ಗಾಡಿ ನಿಲ್ಲಲ್ಲ, ಚಕ್ರ ಬಿಟ್ಟು ಹೋಗುತ್ತೆ. ಇಂಥದ್ದನ್ನ ಎಲ್ಲರೂ ಕಡೇಗೆ, ಅವಸರದಲ್ಲಿ, ಬೀಡಿ ಬಾಯಲ್ಲಿಟ್ಟುಕೊಂಡು ಮಾಡ್ತಾರೆ.

ಹೊಸಕೋಟೆ ಶೆಡ್ಡಲ್ಲಿ ನನಗೆ ಕಲಿಸಿದವರನ್ನ ನಾವು ಉಸ್ತಾದ್ ಅಂತಲೇ ಕರೆಯುತ್ತಿದ್ದೆವು. ಇಂಜಿನ್ನಿನ ಸದ್ದು ಕೇಳಿ ಒಳಗಿನ ರೋಗ ಹೇಳುವ ಮನುಷ್ಯ. ಚಕ್ರದ ವಿಷಯಕ್ಕೆ ಬಂದರೆ ಮಾತ್ರ ಅವರದ್ದೂ ಊರಿನ ದಾರಿಯೇ. ವೀಲ್ ಪಾನಾ ನಟ್ಟಿಗೆ ಸಿಕ್ಕಿಸು, ಪಾನಾದ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ತೂರಿಸು, ಪೈಪಿನ ತುದಿಗೆ ಹತ್ತಿ ನಿಂತು ಕುಣಿ. "ಔರ್ ಥೋಡಾ, ಇನ್ನೂ ಸ್ವಲ್ಪ" ಅನ್ನೋರು. ಬಲ ಹೆಚ್ಚಿದಷ್ಟೂ ಭದ್ರ ಅಂತ ಅವರ ನಂಬಿಕೆ. ನಾನೂ ಕುಣಿದಿದ್ದೀನಿ.

ಹಾಗೆ ಬಿಗಿದ ಒಂದು ಲಾರಿ ಈರುಳ್ಳಿ ಲೋಡ್ ಹೊತ್ತುಕೊಂಡು ಹೋಗುವಾಗ ದೇವನಹಳ್ಳಿ ಹತ್ತಿರ ಪಂಕ್ಚರ್ ಆಯಿತು. ಡ್ರೈವರೂ ಕ್ಲೀನರೂ ಇಬ್ಬರೂ ಪಾನಾಕ್ಕೆ ಜೋತುಬಿದ್ದರೂ ನಟ್ಟು ಅಲುಗಲಿಲ್ಲವಂತೆ. ಕೊನೆಗೆ ನಟ್ಟಲ್ಲ, ಅದು ಕೂತಿರುವ ಸ್ಟಡ್ಡೇ ಕತ್ತರಿಸಿ ಬಂತು. ಮಾರನೇ ದಿನ ಆ ಡ್ರೈವರ್ ಮುರಿದ ಸ್ಟಡ್ ತಂದು ನಮ್ಮ ಶೆಡ್ಡಿನ ಮುಂದೆ ಎಸೆದ. "ಯಾವನಯ್ಯಾ ಇದನ್ನ ಬಿಗ್ದಿದ್ದು? ಇವ್ನ ಕೈಲಿ ಮದ್ವೆ ಕಂಕಣ ಕಟ್ಟಿಸ್ಕೊಂಡ್ರೆ ಸಾಯೋಗಂಟ ಬಿಚ್ಚಂಗಿಲ್ಲ!" ಎಲ್ಲರೂ ನಕ್ಕರು, ಉಸ್ತಾದರೂ ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪ ಹೇಳಿದ ಮಾತು ಕಿವೀಲಿ ಕೂತಿತ್ತು.

ಜಾಸ್ತಿ ಬಿಗಿದರೆ ಯಾಕೆ ಮುರಿಯುತ್ತೆ ಅನ್ನೋದು ನನಗೆ ಅರ್ಥವಾಗಿದ್ದು ದೊಡ್ಡಬಳ್ಳಾಪುರಕ್ಕೆ ಬಂದು ಒಬ್ಬ ನೇಕಾರರ ಮನೇಲಿ ಬಾಡಿಗೆಗೆ ಇದ್ದಾಗ. ಗೋಡೆಯಾಚೆ ಮಗ್ಗ ಓಡ್ತಾನೇ ಇರೋದು. ಒಂದು ದಿನ ಮನೆ ಯಜಮಾನ ಹಾಸು ಎಳೆಯನ್ನ ಬೆರಳಿಂದ ಮೀಟಿ ತೋರಿಸಿದ. "ನೋಡಣ್ಣ, ಸಡಿಲ ಬಿಟ್ರೆ ಬಟ್ಟೆ ನಿಲ್ಲಲ್ಲ, ಬಿಗಿ ಜಾಸ್ತಿ ಮಾಡಿದ್ರೆ ಎಳೆ ಕಿತ್ಕೊಂಡು ಹೋಗುತ್ತೆ. ಮಧ್ಯದಲ್ಲಿ ಒಂದು ಬಿಗಿ ಐತೆ, ಅದೇ ಬಿಗಿ" ಅಂದ. ಸ್ಟಡ್ಡೂ ಹಾಗೇ ಕಣ್ರಪ್ಪಾ. ಕಬ್ಬಿಣ ಅಂತ ನಾವು ಅಂದುಕೊಂಡಿದ್ದೀವಿ, ಅದೊಂದು ಎಳೆ. ನಟ್ಟು ತಿರುಗಿಸಿದಾಗ ಅದು ಒಂದು ಕೂದಲಷ್ಟು ಎಳೆದುಕೊಳ್ಳುತ್ತೆ, ಎಳೆದುಕೊಂಡು ಚಕ್ರವನ್ನ ಹಬ್ಬಿಗೆ, ಅಂದರೆ ಅಚ್ಚಿನ ತುದಿಯ ಗುಂಬಕ್ಕೆ, ಒತ್ತಿ ಹಿಡಿಯುತ್ತೆ. ಚಕ್ರವನ್ನ ಹಿಡಿದಿರೋದು ನಟ್ಟಲ್ಲ, ಆ ಎಳೆತ. ಈ ಒಂದು ಮಾತು ತಿಳಿದುಕೊಂಡರೆ ಅರ್ಧ ಮೆಕ್ಯಾನಿಕ್ ಆದಿರಿ.

ನಮ್ಮ ಯಾರ್ಡಲ್ಲಿ ಇದ್ದದ್ದೆಲ್ಲ ಫ್ಯಾಕ್ಟರಿ ಬಸ್ಸುಗಳು. ಬೆಳಗಾದರೆ ತ್ಯಾಮಗೊಂಡ್ಲು, ನೆಲಮಂಗಲ, ಘಾಟಿ ಕಡೆಯ ಹಳ್ಳಿಗಳಿಂದ ಗಾರ್ಮೆಂಟ್ಸಿಗೆ ಹೋಗೋ ಹೆಣ್ಣುಮಕ್ಕಳನ್ನ ತುಂಬಿಕೊಂಡು ಬರಬೇಕು, ಸಂಜೆ ಬಿಟ್ಟು ಬರಬೇಕು. ಯಾರ್ಡ್ ಕಟ್ಟಿದವರು ತೀರಿಹೋಗಿದ್ದರು. ಈಗ ಅವರ ಮಗ ಯಜಮಾನರು. ಒಳ್ಳೇ ಮನುಷ್ಯ, ಆದರೆ ಯಾರ ಮುಖಕ್ಕೂ ಎದುರು ಮಾತಾಡದ ಒಳ್ಳೇತನ. ಮ್ಯಾನೇಜರ್ ರುದ್ರೇಶ, ನನಗಿಂತ ಬಹಳ ಚಿಕ್ಕವನು. ಅವನ ಬಾಯಲ್ಲಿ ಯಾವಾಗಲೂ ಒಂದೇ ಮಾತು, "ಟ್ರಿಪ್ ಮಿಸ್ ಆಗ್ಬಾರ್ದು ಗುರು."

ಟಾರ್ಕ್ ರೆಂಚ್ ಬಂದದ್ದು ನನ್ನ ಹಟದಿಂದ. ಯಜಮಾನರ ಹಿಂದೆ ಬಿದ್ದು ಬಿದ್ದು ತರಿಸಿದೆ. ಉದ್ದನೆಯ ಪಾನಾ, ಹಿಡೀಲಿ ಅಂಕಿ ಕೂರಿಸಬಹುದು. ಗಾಡಿ ಕಂಪನಿಯ ಪುಸ್ತಕದಲ್ಲಿ ಎಷ್ಟು ಬಿಗಿ ಅಂತ ಬರೆದಿದೆಯೋ ಅಷ್ಟಕ್ಕೆ ಅಂಕಿ ಇಟ್ಟು ಎಳೆದರೆ, ಆ ಬಿಗಿ ಬಂದ ಕೂಡಲೇ 'ಟಕ್' ಅನ್ನುತ್ತೆ. ಟಕ್ ಅಂದ ಮೇಲೆ ಕೈ ತೆಗೀಬೇಕು. ನಮ್ಮ ಹುಡುಗರು ಅದಕ್ಕೆ 'ಟಕ್ ಪಾನಾ' ಅಂತ ಹೆಸರಿಟ್ಟರು. ಹೆಸರಿಟ್ಟರು, ಮರ್ಯಾದೆ ಕೊಡಲಿಲ್ಲ. ಟಕ್ ಅಂದ ಮೇಲೂ "ಇರ್ಲಿ ಅಣ್ಣಾ, ಭದ್ರಕ್ಕೆ" ಅಂತ ಇನ್ನೊಂದು ಸಲ ಎಳೆಯೋನು ಒಬ್ಬ. ಜಂಗು ಹಿಡಿದ ನಟ್ಟು ಬಿಚ್ಚೋಕೆ ಅದನ್ನೇ ಹಾಕೋನು ಇನ್ನೊಬ್ಬ. ಒಂದು ದಿನ ರುದ್ರೇಶ ಅದರಲ್ಲೇ ಗೇಟಿನ ಚಿಲಕ ಬಡೀತಾ ಇದ್ದ! ನಾನು ಕಿತ್ತುಕೊಂಡೆ. "ಏನ್ ಗುರೂ, ಒಂದು ಪಾನಾಕ್ಕೆ ಇಷ್ಟೊಂದಾ?" ಅಂದ. "ನಿಮ್ಮ ಮನೆ ತಕ್ಕಡೀಲಿ ಕಲ್ಲು ಒಡೀತೀರಾ?" ಅಂತ ಕೇಳಿದೆ. ಅವತ್ತಿನಿಂದ ಅವನಿಗೆ ನಾನು ಆಗಿಬರಲಿಲ್ಲ.

ನೀವು ಮಾತ್ರ ಹಾಗೆ ಮಾಡಬೇಡಿ. ಚಕ್ರ ಕೂರಿಸೋಕೆ ಮುಂಚೆ ಹಬ್ಬಿನ ಮುಖ, ಅದಕ್ಕೆ ಕೂರೋ ಚಕ್ರದ ಡಿಸ್ಕಿನ ಮುಖ ಎರಡನ್ನೂ ತಂತಿ ಬ್ರಷ್ಷಿಂದ ಉಜ್ಜಿ, ಬರೀ ಲೋಹ ಕಾಣಬೇಕು. ಪುಸ್ತಕ ಹೇಳದೆ ಸ್ಟಡ್ಡಿಗೆ ಎಣ್ಣೆ ಗ್ರೀಸು ಸವರಬೇಡಿ. ನುಣ್ಣಗಾಗಿ ಜಾರಿ, ಟಕ್ ಅನ್ನೋಷ್ಟರಲ್ಲಿ ಎಳೆ ಅಳತೆ ಮೀರಿ ಎಳೆದುಕೊಂಡಿರುತ್ತೆ. ಎಲ್ಲಾ ನಟ್ಟೂ ಮೊದಲು ಕೈಯಲ್ಲಿ ತಿರುಗಿಸಿ. ಆಮೇಲೆ ಎದುರುಬದುರು ನಟ್ಟು ಬಿಗೀಬೇಕು, ಪಕ್ಕಪಕ್ಕದ್ದಲ್ಲ. ಗಾಡಿಗೆ ಹುಲ್ಲು ಹೇರಿ ಹಗ್ಗ ಒಂದೇ ಕಡೆ ಜಗ್ಗಿದರೆ ಹೊರೆ ವಾಲುತ್ತಲ್ಲ, ಹಾಗೆ ಚಕ್ರಾನೂ ವಾಲಿ ಕೂರುತ್ತೆ. ಜಾಕಿ ಇಳಿಸಿ, ಚಕ್ರ ನೆಲ ಕಚ್ಚಿದ ಮೇಲೆ ಕಡೇ ಬಿಗಿ. ನಿಧಾನವಾಗಿ ಎಳೀರಿ, ಜರ್ಕ್ ಹೊಡೀಬೇಡಿ. ಕೆಲಸ ಆದ ಮೇಲೆ ಪಾನಾದ ಅಂಕಿ ಕೆಳಕ್ಕೆ ಇಳಿಸಿ ಪೆಟ್ಟಿಗೇಲಿಡಿ. ಮತ್ತೆ ಎಲ್ಲರೂ ಮರೆಯೋದು ಒಂದಿದೆ: ಗಾಡಿ ಒಂದಷ್ಟು ಓಡಿ ಬಂದ ಮೇಲೆ ಮತ್ತೊಮ್ಮೆ ಟಕ್ ಪಾನಾ ಹಾಕಿ ನೋಡಬೇಕು. ಯಾಕೆ ಅಂತ ಕೇಳಿದರೆ, ನಾನೀಗ ನಯಾಜ್‌ನ ಕತೆ ಹೇಳಬೇಕು.

ನಯಾಜ್ ನಮ್ಮ ತ್ಯಾಮಗೊಂಡ್ಲು ರೂಟಿನ ಡ್ರೈವರ್. ದೊಡ್ಡಬಳ್ಳಾಪುರದವನೇ, ಮನೇಲಿ ದಖನಿ, ಬೀದೀಲಿ ಅಚ್ಚ ಕನ್ನಡ. ಬಸ್ಸನ್ನ ಮದುವಣಗಿತ್ತಿ ಹಾಗೆ ಇಟ್ಟುಕೊಳ್ಳೋನು. ನಮ್ಮ ಯಾರ್ಡಲ್ಲಿ ಆಯುಧಪೂಜೆಗೆ ಒಂದು ಪದ್ಧತಿ ಇತ್ತು. ಎಲ್ಲಾ ಬಸ್ಸಿನ ಚಕ್ರಗಳಿಗೂ ಸಿಲ್ವರ್ ಬಣ್ಣ ಬಳಿಯೋದು, ಯಾವ ಬಸ್ಸು ಚೆನ್ನಾಗಿ ಹೊಳೆಯುತ್ತೋ ಆ ಡ್ರೈವರಿಗೆ ಯಜಮಾನರ ಕೈಯಿಂದ ಒಂದು ಹಿತ್ತಾಳೆ ಚೊಂಬು. ಯಾರ್ಡ್ ಕಟ್ಟಿದ ದೊಡ್ಡ ಯಜಮಾನರು ಹಾಕಿದ ಪದ್ಧತಿ ಅದು. ಅವರೇ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು ಮೊದಲ ಚಕ್ರಕ್ಕೆ ಬ್ರಷ್ ಆಡಿಸೋರು. ನಯಾಜ್ ಆ ಚೊಂಬು ಎಷ್ಟು ಸಲ ಗೆದ್ದಿದ್ದನೋ! "ಎಷ್ಟು ಚೊಂಬು ಆಯ್ತೋ ನಯಾಜಾ?" ಅಂತ ರೇಗಿಸಿದರೆ, "ನಮ್ಮ ಬೀದಿ ಮದ್ವೆಗೆಲ್ಲಾ ನಂದೇ ಪಾತ್ರೆ ಬಾಡ್ಗೆ ಹನುಮಣ್ಣಾ" ಅಂತಿದ್ದ.

ಆ ವರ್ಷ ರುದ್ರೇಶ ಹೊಸ ಏರ್ಪಾಡು ಮಾಡಿದ. ಬ್ರಷ್ಷೆಲ್ಲ ಹಳೇ ಕಾಲದ್ದು, ಸ್ಪ್ರೇ ಪೇಂಟಿಂಗಿನವರಿಗೆ ಕಂಟ್ರಾಕ್ಟ್ ಅಂದ. ಅವರು ನೆಲಮಂಗಲ ಕಡೆಯಿಂದ ಒಂದು ತಂಡ ಬಂದರು. ಪೂಜೆಯ ಹಿಂದಿನ ದಿನ ಬಸ್ಸು ಸಾಲಾಗಿ ನಿಲ್ಲಿಸಿ, ಚಕ್ರ ಎಲ್ಲಾ ಬಿಚ್ಚಿ ಹರಡಿ, ಹಿಂದೂ ಮುಂದೂ ಬಣ್ಣ ಹೊಡೆದು, ಹಸಿ ಆರೋಕೆ ಮುಂಚೆ ನಟ್ಟು ತಿರುಗಿಸೋ ಗಾಳಿ ಗನ್ನಿಂದ ಟರ್ ಟರ್ ಅಂತ ಬಿಗಿದು ಎದ್ದು ಹೋದರು. ಆ ಹೊತ್ತಿಗೆ ನಾನು ನಂದಗುಡಿ ಹತ್ತಿರ ಕೆಟ್ಟು ನಿಂತ ಬಸ್ಸಿನ ಕೆಳಗಿದ್ದೆ. ಬಂದು ನೋಡಿದರೆ ಯಾರ್ಡು ಬೆಳ್ಳಿ ಅಂಗಡಿ ಹಾಗಿದೆ. ನಯಾಜ್ ತನ್ನ ಬಸ್ಸಿಗೆ ಬೇಡಿಕೊಂಡು ಎರಡು ಕೋಟ್ ಹೊಡೆಸಿದ್ದ. "ಹೆಂಗೈತೆ ಹನುಮಣ್ಣಾ? ಮುಖ ನೋಡ್ಕೊಂಡು ಕ್ರಾಪ್ ಬಾಚ್ಬೋದು!"

ನಾನು ಟಕ್ ಪಾನಾ ತಂದು ಪ್ರತಿ ಚಕ್ರದ ಪ್ರತಿ ನಟ್ಟನ್ನೂ ನೋಡಿದೆ. ಟಕ್, ಟಕ್, ಟಕ್. ಎಲ್ಲವೂ ಅಳತೆಗೆ ಇದ್ದವು. ಆದರೂ ರುದ್ರೇಶನಿಗೆ ಹೇಳಿದೆ, "ಚಕ್ರ ಬಿಚ್ಚಿ ಹಾಕಿದಾರೆ. ಹಬ್ಬ ಕಳೆದು ಒಂದು ದಿನ ಓಡಿ ಬಂದ್ಮೇಲೆ ಎಲ್ಲಾ ಬಸ್ಸೂ ನಿಲ್ಲಿಸಿ ಇನ್ನೊಂದು ಸಲ ನೋಡ್ಬೇಕು."

"ಈಗ ತಾನೆ ನೋಡಿದ್ರಲ್ಲ?"

"ಮತ್ತೆ ನೋಡ್ಬೇಕು."

"ಟಕ್ ಅಂತಲ್ಲ ಗುರು ನಿಮ್ಮ ಪಾನಾ! ಅದರ ಮೇಲೆ ನಿಮ್ಗೇ ನಂಬ್ಕೆ ಇಲ್ವಾ?" ಅಂತ ಸುತ್ತ ಇದ್ದವರ ಮುಂದೆ ನಕ್ಕ. "ಟ್ರಿಪ್ ಐತೆ, ಆಗಲ್ಲ."

ಹಬ್ಬದ ದಿನ ಕುಂಬಳಕಾಯಿ ಒಡೆದದ್ದಾಯಿತು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು, ನಯಾಜ್ ಚೊಂಬು ತಗೊಂಡದ್ದಾಯಿತು. ಆಮೇಲಿನ ವಾರ ಒಂದು ಸಂಜೆ ನಯಾಜ್ ಬಂದು ರುದ್ರೇಶನಿಗೆ, "ಸಾರ್, ಸ್ಟೇರಿಂಗ್ ಯಾಕೋ ಒದರ್ತಾ ಐತೆ, ಎಡಗಡೆ ಮುಂದಿನ ಚಕ್ರದಲ್ಲಿ ಏನೋ ಸದ್ದು" ಅಂದನಂತೆ. ನಾನು ಅವತ್ತು ಬೇಗ ಮನೆಗೆ ಹೋಗಿದ್ದೆ. ರುದ್ರೇಶ ಹೇಳಿದ್ದು, "ಬೆಳಗ್ಗೆ ಟ್ರಿಪ್ ಮುಗ್ಸಿ ಬಾ, ಹನುಮಣ್ಣ ನೋಡ್ತಾರೆ."

ಟ್ರಿಪ್ ಮುಗೀಲಿಲ್ಲ. ಬೆಳಗ್ಗೆ ತ್ಯಾಮಗೊಂಡ್ಲು ಬಿಟ್ಟು ಸ್ವಲ್ಪ ದೂರ ಬಂದಿದ್ದಾರೆ, ಬಸ್ಸಿನ ತುಂಬ ಹೆಣ್ಣುಮಕ್ಕಳು. ಎಡಗಡೆ ಮುಂದಿನ ಚಕ್ರ ಕಳಚಿಕೊಂಡು ಬಸ್ಸಿಗಿಂತ ಮುಂದೆ ಓಡಿ ಹೋಯಿತು. ನಯಾಜ್ ಸದ್ದಿಗೆ ಹೆದರಿ ಆಗಲೇ ವೇಗ ಇಳಿಸಿದ್ದ, ಅದರಿಂದ ಬದುಕಿಕೊಂಡರು. ಬರೀ ಬ್ರೇಕ್ ಡ್ರಮ್ಮಿನ ಮೇಲೆ ಬಸ್ಸು ರಸ್ತೆ ಉತ್ತುಕೊಂಡು ಹೋಗಿ ಒಂದು ತೆಂಗಿನ ತೋಟದ ಬೇಲಿಗೆ ಒರಗಿ ನಿಂತಿತು. ಒಬ್ಬ ಹೆಣ್ಣುಮಗಳ ಮಣಿಕಟ್ಟು ಮುರಿಯಿತು. ಹೊಲಿಗೆ ಮಿಷಿನ್ ತುಳಿದು ಮನೆ ನಡೆಸೋಳ ಬಲಗೈ. ಇದನ್ನ ಸಣ್ಣ ವಿಷಯ ಅಂತ ಯಾರಾದರೂ ಹೇಳಿದರೆ ನಾನು ಇವತ್ತಿಗೂ ಅವರ ಜೊತೆ ಮಾತು ಬಿಡ್ತೀನಿ.

ನಾನು ಹೋಗಿ ನೋಡಿದಾಗ ಚಕ್ರ ರಾಗಿ ಹೊಲದಲ್ಲಿ ಮಲಗಿತ್ತು. ನಟ್ಟುಗಳು ಎಲ್ಲೆಲ್ಲೋ ಉದುರಿದ್ದವು. ಹುಡುಕಿ ಹುಡುಕಿ ಒಂದು ಸಿಕ್ಕಿತು, ಜೇಬಿಗೆ ಹಾಕಿಕೊಂಡೆ. ನಯಾಜ್ ಬೇಲಿ ಪಕ್ಕ ಕೂತಿದ್ದ. "ನಿನ್ನೇನೇ ಹೇಳ್ದೆ ಹನುಮಣ್ಣಾ. ಅಲ್ಲಾ ಆಣೆ, ನಿನ್ನೇನೇ ಹೇಳ್ದೆ" ಅನ್ನೋದೊಂದೇ ಮಾತು.

ಯಾರ್ಡಲ್ಲಿ ಪಂಚಾಯ್ತಿ ಶುರುವಾಯಿತು. ಒಬ್ಬ ಡ್ರೈವರ್ ಅಂದ, ಪೂಜೆ ದಿನ ಆ ಚಕ್ರದ ನಿಂಬೆಹಣ್ಣು ಒಡೀಲಿಲ್ಲ, ಪಕ್ಕಕ್ಕೆ ಜಾರಿ ಹೋಯ್ತು, ನಾನೇ ನೋಡ್ದೆ ಅಂತ. ಇನ್ನೊಬ್ಬ ಅಂದ, ಅಷ್ಟೊಂದು ಹೊಳೆಸಬಾರದಿತ್ತು, ದೃಷ್ಟಿ ಆಯ್ತು ಅಂತ. ರುದ್ರೇಶ ಇಬ್ಬರದ್ದೂ ಕೇಳಿ ತನ್ನದೊಂದು ಸೇರಿಸಿದ: "ಡ್ರೈವರ್ ಆದೋನು ಬೆಳಗ್ಗೆ ಎದ್ದು ಚಕ್ರ ತಟ್ಟಿ ನೋಡ್ಬೇಕೋ ಬೇಡ್ವೋ? ಬರೀ ಶೋಕಿ." ಹಿಂದಿನ ಸಂಜೆ ನಯಾಜ್ ಬಂದು ಹೇಳಿದ್ದು ಅವನ ಬಾಯಲ್ಲಿ ಬರಲೇ ಇಲ್ಲ. ಅವತ್ತೇ ನಯಾಜ್‌ನ ಕೆಲಸದಿಂದ ನಿಲ್ಲಿಸಿದ. ನನ್ನ ಕಡೆ ತಿರುಗಿ, "ನಿಮ್ಮ ಟಕ್ ಪಾನಾನೂ ಸುಳ್ಳು ಹೇಳ್ತು ಬಿಡಿ ಗುರು" ಅಂದ.

ನಿಂಬೆಹಣ್ಣಂತೆ! ನಲವತ್ತು ವರ್ಷ ಕೈ ಸವೆಸಿದ್ದೀನಿ, ನನಗೆ ನಿಂಬೆಹಣ್ಣಿನ ಲೆಕ್ಕ ಹೇಳ್ತಾರೆ. ಮನೆಗೆ ಹೋಗಿ ಜೇಬಿನ ನಟ್ಟು ತೆಗೆದು ಹೊಸ್ತಿಲ ಮೇಲಿಟ್ಟು ನೋಡ್ತಾ ಕೂತೆ. ನಟ್ಟಿನ ಬಾಯಿ, ಅಂದರೆ ಅದು ಡಿಸ್ಕಿಗೆ ಒತ್ತಿಕೊಳ್ಳೋ ಕಡೆ, ಸಿಲ್ವರ್ ಬಣ್ಣ ಮೇಣದ ಹಾಗೆ ಮೆತ್ತಿಕೊಂಡಿತ್ತು. ಉಗುರಿಂದ ಕೆರೆದರೆ ಸಿಪ್ಪೆ ಎದ್ದು ಬಂತು. ನನ್ನ ಹೆಂಡತಿ ಸೊಪ್ಪು ಬಿಡಿಸ್ತಾ ಇದ್ದೋಳು, "ಅದೇನ್ ಹಂಗ್ ನೋಡ್ತೀರಿ, ಒಡವೆ ನೋಡ್ದಂಗೆ?" ಅಂದಳು.

"ಹಸಿ ಮಣ್ಣಲ್ಲಿ ಚಪ್ಪರದ ಕಂಬ ನೆಟ್ಟರೆ ಏನಾಗುತ್ತೆ ಹೇಳು?"

"ನೆಟ್ಟ ದಿನ ಗಟ್ಟಿ ಇರುತ್ತೆ. ಒಣಗಿದ್ಮೇಲೆ ಅಲ್ಲಾಡುತ್ತೆ."

ಅಷ್ಟೇ ವಿಷಯ. ಟಕ್ ಪಾನಾ ಸುಳ್ಳು ಹೇಳಿರಲಿಲ್ಲ. ನಾನು ನೋಡಿದ ದಿನ ಬಿಗಿ ಇತ್ತು, ಆದರೆ ಅದು ಲೋಹದ ಮೇಲಿನ ಬಿಗಿಯಲ್ಲ, ಬಣ್ಣದ ಮೇಲಿನ ಬಿಗಿ. ಬಸ್ಸು ಓಡಿ, ಹಬ್ಬು ಕಾದು, ಬಣ್ಣ ಹಿಂಡಿ ಹೋಗಿ ಜಾಗ ಬಿಟ್ಟಿತು. ಎಳೆದುಕೊಂಡಿದ್ದ ಸ್ಟಡ್ಡು ಸಡಿಲವಾಯಿತು. ನಯಾಜ್‌ನ ಬಸ್ಸಿಗೆ ಎರಡು ಕೋಟ್, ಅದಕ್ಕೇ ಅವನದ್ದು ಮೊದಲು ಹೋಯಿತು. ಮೊದಲು! ಹಾಗಂದರೆ ಮಿಕ್ಕವೂ ಸಾಲಲ್ಲಿ ನಿಂತಿವೆ ಅನ್ನೋದು ಹೊಳೆದಾಗ ಅಲ್ಲಿಂದ ಎದ್ದವನು ನೇರ ಯಜಮಾನರ ಮನೆಗೆ ಹೋದೆ.

ಅವರು ಜಗಲಿ ಮೇಲೆ ಕೂತು ಎಲ್ಲಾ ಕೇಳಿಸಿಕೊಂಡರು. ಬಣ್ಣ ಅನ್ನೋ ಮಾತು ಬಂದ ಕೂಡಲೇ ಮುಖ ಬಿಗಿಯಿತು.

"ಹನುಮಂತಾ, ಬಣ್ಣ ಬಳಿಯೋದು ನಮ್ಮಪ್ಪಾಜಿ ಕಾಲದಿಂದ ಬಂದಿರೋದು. ಅವರಿದ್ದಾಗ ಒಂದು ಚಕ್ರ ಬಿಚ್ಕೊಂಡಿತ್ತಾ? ಸತ್ತಿರೋರ ಮೇಲೆ ತಪ್ಪು ಹಾಕ್ತಿದೀಯಲ್ಲಪ್ಪಾ."

"ಯಜಮಾನ್ರೆ, ಅಪ್ಪಾಜಿ ಬಳಿಯೋದನ್ನ ನಾನೂ ನೋಡಿದೀನಿ, ನೀವೂ ನೋಡಿದೀರಿ. ಚಕ್ರ ಬಿಚ್ತಿದ್ರಾ ಅವ್ರು?"

ಅವರು ಇಲ್ಲ ಅಂತ ತಲೆ ಆಡಿಸಿದರು.

"ಚಕ್ರ ಗಾಡೀಲೇ ಇರೋದು. ಕುಕ್ಕರಗಾಲಲ್ಲಿ ಕೂತು, ನಟ್ಟಿಗೆ ತಾಕ್ದಂಗೆ, ಕಾಣೋ ಮುಖಕ್ಕೆ ಮಾತ್ರ ಬ್ರಷ್ಷು. ಈಗ ಬಿಚ್ಚಿ, ಹಬ್ಬಿಗೆ ಕೂರೋ ಹಿಂದಿನ ಮುಖಕ್ಕೂ ಹೊಡ್ದಿದಾರೆ, ನಟ್ಟು ಕೂರೋ ಗುಳಿಗೂ ಹೊಡ್ದಿದಾರೆ. ತಪ್ಪು ಅಪ್ಪಾಜೀದಲ್ಲ. ಅಪ್ಪಾಜಿ ಮಾಡಿದ ಹಂಗೆ ಮಾಡ್ದೇ ಇರೋರ್ದು."

ಯಜಮಾನರು ಚಪ್ಪಲಿ ಹಾಕಿಕೊಂಡರು. ಆಗಲೇ ಯಾರ್ಡಿಗೆ ಬಂದೆವು. ಸಂಜೆ ಟ್ರಿಪ್ಪಿಗೆ ಹೊರಡೋಕೆ ನಿಂತಿದ್ದ ಬಸ್ಸಿಗೆ ಅಡ್ಡ ಹೋಗಿ ನಿಲ್ಲಿಸಿದೆ. ರುದ್ರೇಶ "ಟ್ರಿಪ್..." ಅಂದ. "ಬಾಯ್ ಮುಚ್ಕೊಂಡಿರು" ಅಂದುಬಿಟ್ಟೆ, ಯಜಮಾನರ ಮುಂದೆಯೇ. ಪೂಜೆಗೆ ಮುಂಚೆ ನೋಡಿದಾಗ ಇಟ್ಟಿದ್ದ ಅದೇ ಅಂಕಿ ಇಟ್ಟು, ಪಾನಾ ಯಜಮಾನರ ಕೈಗೇ ಕೊಟ್ಟೆ. "ಎಳೀರಿ. ಬಿಗಿ ಇದ್ರೆ ತಕ್ಷಣ ಟಕ್ ಅನ್ಬೇಕು."

ಅವರು ಎಳೆದರು. ಟಕ್ ಅನ್ನಲಿಲ್ಲ. ನಟ್ಟು ತಿರುಗಿತು. ಇನ್ನೂ ತಿರುಗಿತು. ಬಾವಿ ರಾಟೆ ಹಾಗೆ ಸಲೀಸಾಗಿ ತಿರುಗ್ತಾ ಇದೆ, ಅವರ ಮುಖದಲ್ಲಿ ಬೆವರು ಇಳೀತಾ ಇದೆ. ಕೊನೆಗೆ ಎಲ್ಲೋ ಒಂದು ಟಕ್. ಮುಂದಿನ ನಟ್ಟೂ ಅಷ್ಟೇ. ಚಕ್ರ ಬಿಚ್ಚಿಸಿ ಹಿಂದಿನ ಮುಖ ತೋರಿಸಿದೆ: ಬಣ್ಣ ಹಪ್ಪಳದ ಹಾಗೆ ಎದ್ದು ಚೂರುಚೂರಾಗಿತ್ತು. ಆ ಬಸ್ಸಿಗೆ ಹತ್ತೋಕೆ ಫ್ಯಾಕ್ಟರಿ ಗೇಟಲ್ಲಿ ಹೆಣ್ಣುಮಕ್ಕಳು ಕಾಯ್ತಾ ನಿಂತಿದ್ದ ಹೊತ್ತು ಅದು.

ಅವತ್ತು ಒಂದು ಬಸ್ಸೂ ಹೊರಡಲಿಲ್ಲ. ಬೇರೆ ಗಾಡಿ ಬಾಡಿಗೆಗೆ ತಂದು ಹೆಣ್ಣುಮಕ್ಕಳನ್ನ ಮನೆ ಸೇರಿಸಿದರು. ನಾವು ಚಕ್ರ ಚಕ್ರ ಬಿಚ್ಚಿ, ಬಣ್ಣ ಕೆರೆದು, ತಂತಿ ಬ್ರಷ್ ಆಡಿಸಿ ಕೂರಿಸಿದೆವು. ಮುಂದಿನ ವರ್ಷದಿಂದ ಚಕ್ರ ಬಿಚ್ಚದೆ, ಬ್ರಷ್ಷಲ್ಲೇ ಬಳಿಯಬೇಕು, ಓಡಿ ಬಂದ ಮೇಲೆ ಮತ್ತೆ ಟಕ್ ಪಾನಾ ಹಾಕಬೇಕು ಅಂತ ಯಜಮಾನರು ಎಲ್ಲರಿಗೂ ಹೇಳಿದರು. ಕೈ ಮುರಿದುಕೊಂಡ ಹೆಣ್ಣುಮಗಳ ಆಸ್ಪತ್ರೆ ಖರ್ಚೂ ಅವರೇ ನೋಡಿಕೊಂಡರು. ಅದನ್ನ ಹೇಳದಿದ್ದರೆ ನಾನು ಸುಳ್ಳುಗಾರ ಆಗ್ತೀನಿ.

ಆದರೆ ನಯಾಜ್? "ಬರೋಕೆ ಹೇಳು, ಕೆಲಸ ಇದೆ" ಅಂತ ನನ್ನ ಕೈಲೇ ಹೇಳಿ ಕಳಿಸಿದರು. ನಾನು ಅವನ ಮನೆಗೆ ಹೋದೆ. ಟೀ ಕೊಟ್ಟ. "ಬರ್ತೀನಿ ಹನುಮಣ್ಣಾ. ಎಲ್ಲರ ಮುಂದೆ ನನ್ನ ತಪ್ಪು ಅಂದ್ರಲ್ಲ, ಎಲ್ಲರ ಮುಂದೆ ನನ್ನ ತಪ್ಪಲ್ಲ ಅಂತ ಅಂದ್ಬಿಡ್ಲಿ. ಅಷ್ಟೇ. ಬೀದೀಲಿ ಹೋದ್ರೆ 'ಚಕ್ರ ಬೀಳ್ಸಿದ ನಯಾಜ್' ಅಂತಾರೆ."

ನ್ಯಾಯವಾದ ಮಾತು. ಯಜಮಾನರಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಈಗ ಮತ್ತೆ ಅದನ್ನೆಲ್ಲಾ ಯಾಕೆ ಕೆದಕೋದಪ್ಪಾ. ರುದ್ರೇಶನಿಗೂ ಬೇಜಾರಾಗುತ್ತೆ. ಸುಮ್ನೆ ಬಂದು ಗಾಡಿ ತಗೊಳ್ಳಕ್ಕೆ ಹೇಳು." ಬಸ್ಸಿನ ಚಕ್ರ ಬಿಚ್ಚಿ ನೋಡೋಕೆ ಬಂದ ಮನುಷ್ಯನಿಗೆ ಒಂದು ವಾಕ್ಯ ಬಾಯಿಂದ ಬಿಚ್ಚೋಕೆ ಆಗಲಿಲ್ಲ. ರುದ್ರೇಶ ಮ್ಯಾನೇಜರಾಗೇ ಉಳಿದ. ನಯಾಜ್ ಬರಲಿಲ್ಲ. ಒಂದು ಹಳೇ ಗೂಡ್ಸ್ ಟೆಂಪೋ ಹಿಡಿದು ನಂದಗುಡಿ ಕಡೆಯಿಂದ ತರಕಾರಿ ಹೊಡೆಯೋಕೆ ಶುರುಮಾಡಿದ.

ಎರಡು ವರ್ಷ ಆದ ಮೇಲೆ ನಾನು ಕೆಲಸ ಬಿಟ್ಟೆ. ಆಯುಧಪೂಜೆಗೆ ಹಾಕಿದ ಶಾಮಿಯಾನದಲ್ಲೇ ನನಗೂ ಸನ್ಮಾನ ಮುಗಿಸಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ರುದ್ರೇಶ ನನ್ನ ಬಗ್ಗೆ ಬಹಳ ಹೊಗಳಿ ಮಾತಾಡಿದ. ಆಮೇಲೆ "ಹನುಮಣ್ಣ ಎರಡು ಮಾತು ಆಡ್ಬೇಕು" ಅಂತ ಮೈಕ್ ನನ್ನ ಕೈಗೆ ಕೊಟ್ಟ.

ಎರಡೇ ಮಾತು ಆಡಿದೆ. "ಎರಡು ವರ್ಷದ ಹಿಂದೆ ಚಕ್ರ ಕಳಚಿದ್ದು ಬಣ್ಣದಿಂದ, ನಯಾಜ್‌ನಿಂದ ಅಲ್ಲ. ಹಿಂದಿನ ಸಂಜೇನೇ ಅವನು ಬಂದು ಮ್ಯಾನೇಜರ್‌ಗೆ ಹೇಳಿದ್ದ, ಕೇಳಲಿಲ್ಲ." ಮೈಕಿನ ಸದ್ದು ಗೇಟಿನಾಚೆ ಟೀ ಅಂಗಡಿವರೆಗೂ ಹೋಯಿತು. ರುದ್ರೇಶ ಮೈಕಿಗೆ ಕೈ ಹಾಕಿದ. ನಾನು ಬಿಗಿಯಾಗಿ ಹಿಡಿದುಕೊಂಡು ಅದನ್ನೇ ಇನ್ನೊಂದು ಸಲ ಹೇಳಿದೆ. ಡ್ರೈವರುಗಳೆಲ್ಲ ಯಜಮಾನರ ಮುಖ ನೋಡಿದರು. ಯಜಮಾನರು ಕೈ ಗಡಿಯಾರ ನೋಡಿಕೊಂಡು, "ಊಟಕ್ಕೆ ಹೊತ್ತಾಯ್ತು, ಎಲ್ಲಾ ಏಳಿ" ಅಂದರು.

ಶಾಲು ಹೊದ್ದುಕೊಂಡೇ ಹೊರಗೆ ಬಂದು ನಯಾಜ್‌ಗೆ ಫೋನ್ ಮಾಡಿದೆ. "ಹೇಳ್ದೆ ಕಣಯ್ಯಾ. ಮೈಕಲ್ಲಿ."

"ಯಾರ್ ಕೇಳ್ಸ್ಕೊಂಡ್ರು?"

"ಊಟಕ್ಕೆ ಬಂದೋರೆಲ್ಲಾ."

ಆ ಕಡೆ ಟೆಂಪೋ ಪಕ್ಕಕ್ಕೆ ಹಾಕಿ ಆಫ್ ಮಾಡಿದ ಸದ್ದು. ಆಮೇಲೆ ಅಂದ, "ಊಟ ಮಾಡ್ದ್ಯಾ ಹನುಮಣ್ಣಾ?"

"ಇಲ್ಲ."

"ನಮ್ಮನೆಗ್ ಬಾ."

ಹೋಗಿ ಉಂಡೆ.

ಅವನು ಯಾರ್ಡಿಗೆ ಮತ್ತೆ ಕಾಲಿಡಲಿಲ್ಲ. ಹೇಳಬೇಕಾದವರು ಹೇಳಲಿಲ್ಲವಲ್ಲ. ಪ್ರತಿ ಆಯುಧಪೂಜೆಗೆ ಮುಂಚೆ ಟೆಂಪೋನ ನಮ್ಮ ಮನೆ ಮುಂದೆ ತಂದು ನಿಲ್ಲಿಸ್ತಾನೆ. ಚಕ್ರ ಗಾಡೀಲೇ ಇರುತ್ತೆ, ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕಾಣೋ ಮುಖಕ್ಕೆ ಮಾತ್ರ ಬ್ರಷ್ ಆಡಿಸ್ತೀವಿ. ಬಣ್ಣ ನಟ್ಟಿಗೆ ತಾಕಿದರೆ ಅವನೇ ಬೈತಾನೆ. ಓಡಿಸಿಕೊಂಡು ಬಂದ ಮೇಲೆ ಮತ್ತೆ ಬಿಗಿ ನೋಡ್ತೀವಿ. ಹೋದ ಸಲ ಯಾರ್ಡಿನ ಒಂದು ಬಸ್ಸು ನಮ್ಮ ಬೀದಿ ದಾಟಿ ಹೋಯಿತು. ಚಕ್ರ ಒಳಗೂ ಹೊರಗೂ ಫಳಫಳ, ನಟ್ಟಿನ ತಲೆಗೂ ಸಿಲ್ವರ್. ಸ್ಪ್ರೇ. ನಾನು ಕೂಗಿ ನಿಲ್ಲಿಸಿದೆ. ಡ್ರೈವರ್ ಹೊಸಬ. "ಓಡಿದ ಮೇಲೆ ಮತ್ತೆ ಟೈಟ್ ನೋಡಿದಾರೇನಪ್ಪಾ?" ಅಂದರೆ, "ಅದೆಲ್ಲಾ ಗನ್ನಲ್ಲಿ ಹೊಡ್ದಿದಾರೆ ತಾತ" ಅಂದ. ಮನೆಯಿಂದ ನನ್ನ ಟಕ್ ಪಾನಾ ತಂದು ಅಲ್ಲೇ ನಟ್ಟಿಗೆ ಹಾಕಿ ನೋಡಿದೆ. ತಿರುಗಿತು. ಯಜಮಾನರಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ. ಮಿಕ್ಕ ಬಸ್ಸೂ ನಿಲ್ಲಿಸಿ ನೋಡ್ತೀವಿ ಅಂದರು. ನೋಡಿದರೋ ಇಲ್ಲವೋ ಅಂತ ಮಾರನೇ ದಿನ ಗೇಟಲ್ಲಿ ಹೋಗಿ ನಿಂತೆ. ಒಂದೊಂದೇ ಚಕ್ರಕ್ಕೆ ಪಾನಾ ಹಾಕಿ ನೋಡ್ತಾ ಇದ್ದರು.

ಕೆಲಸಕ್ಕೆ ಹೊಸದಾಗಿ ಬರ್ತಾ ಇರೋರೇ, ನಿಮ್ಮ ಮೇಲಿನವನು ಟ್ರಿಪ್ ಇದೆ ಅಂತಾನೆ. ಅವನಿಗೆ ಟ್ರಿಪ್ ಇದೆ, ನಿಮಗೆ ಬಸ್ಸಿನೊಳಗೆ ಕೂತಿರೋರಿದಾರೆ. ಬಸ್ಸಿಗೆ ಅಡ್ಡ ನಿಲ್ಲಿ. ಬೈಸಿಕೊಳ್ಳಿ.

ಈಗ ನನ್ನ ಹತ್ತಿರ ಇರೋದು ಇಷ್ಟು. ದೊಡ್ಡಬಳ್ಳಾಪುರದಲ್ಲಿ ಎರಡು ಕೋಣೆಯ ಸ್ವಂತ ಮನೆ. ಹೆಂಡತಿ. ಮದುವೆಯಾದ ಒಬ್ಬಳು ಮಗಳು. ಬಲಗೈಯಲ್ಲಿ ಪೂರ್ತಿ ಮಡಚಲು ಬಾರದ ಎರಡು ಬೆರಳು. ನನ್ನ ದುಡ್ಡಲ್ಲೇ ತಗೊಂಡ ಒಂದು ಟಕ್ ಪಾನಾ, ಅಂಕಿ ಇಳಿಸಿ ಪೆಟ್ಟಿಗೆಯಲ್ಲಿದೆ. ಒಂದು ಶಾಲು, ಅವತ್ತು ಬಿಟ್ಟರೆ ಮತ್ತೆ ಹೊದ್ದಿಲ್ಲ. ನಯಾಜ್ ಕೊಟ್ಟ ಒಂದು ಹಿತ್ತಾಳೆ ಚೊಂಬು. ಆ ಚೊಂಬಿನೊಳಗೆ ಒಂದು ನಟ್ಟು, ಬಾಯಿಗೆ ಮೆತ್ತಿದ ಬಣ್ಣವನ್ನ ನಾನು ಪೂರ್ತಿ ಕೆರೆದಿಲ್ಲ.